ಅಜ್ಜಿಯ ಬಾತುಗೂಡಿನ ನೆಲ

ಮೊನ್ನೆ ಭಾನುವಾರ ಗೋಣಿಯ ಬಾಯಿ ಬಿಚ್ಚಿದಾಗ ಹಲಸಿನ ತರಗೆಲೆಯ ವಾಸನೆ ಮೂಗಿಗೆ ಬಡಿಯಿತು. ದೇರೆಬೈಲಿನ ಅಜ್ಜಿಮನೆಯ ಹಿತ್ತಿಲು ಆ ಕ್ಷಣವೇ ಕಣ್ಣೆದುರು ಬಂದು ನಿಂತಿತು. ಆ ಮನೆ ಈಗಿಲ್ಲ. ಬಾತುಕೋಳಿಗಳು ಈಜುತ್ತಿದ್ದ ಹೊಂಡದ ಜಾಗದಲ್ಲಿ ಫ್ಲ್ಯಾಟಿನವರ ಕಾರುಗಳು ನಿಲ್ಲುತ್ತವೆ. ನಿಮಗೂ ಇಂಥದೊಂದು ಹಿತ್ತಿಲಿದ್ದಿರಬಹುದು, ಅಲ್ಲೂ ಈಗ ಯಾರದೋ ಕಾರು ನಿಂತಿರಬಹುದು.

ಅಜ್ಜಿಗೆ ಆರು ಬಾತುಗಳಿದ್ದವು. ಬಾತು ಸಾಕುವುದೆಂದರೆ ಮೊದಲು ನೆಲ ಸಾಕುವುದು ಎಂದು ಅವಳು ನಂಬಿದ್ದಳು. ನೀರು ಚೆಲ್ಲದೆ ಅವು ತಿನ್ನುವುದಿಲ್ಲ, ಒದ್ದೆ ನೆಲದಲ್ಲಿ ಬಾಳುವುದೂ ಇಲ್ಲ. ಮಿಲ್ಲಿನ ಮರದ ಹುಡಿ ಹಾಕಿ ನೋಡಿದಳು, ಬೂಸ್ಟು ಹಿಡಿಯಿತು. ಬೈಹುಲ್ಲು ಮುದ್ದೆಯಾಯಿತು. ಕೊನೆಗೆ ಅಡಿಯಲ್ಲಿ ಹೊಳೆಯ ಮರಳು, ಮೇಲೆ ದಪ್ಪಕ್ಕೆ ತರಗೆಲೆ ಎಂದು ತೀರ್ಮಾನವಾಯಿತು. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಗೂಡಿನೊಳಗೆ ಹೋಗಿ, ಸೀರೆಯನ್ನು ತುಸು ಎತ್ತಿ ಹಿಡಿದು ಸುಮ್ಮನೆ ನಿಲ್ಲುವಳು. ಅಂಗಾಲಿಗೆ ಒದ್ದೆ ತಾಗಿದರೆ, "ಇಲ್ಲಿ ಚಂಡಿ ಉಂಟು" ಎನ್ನುವಳು. ನಾನು ಅಲ್ಲಿಯ ಎಲೆ ಬಾಚಿ ಬಾಳೆಯ ಬುಡಕ್ಕೆ ಹಾಕಿ, ಹೊಸದು ಹರಡುತ್ತಿದ್ದೆ.

ದುಬೈಯಲ್ಲಿದ್ದ ನನ್ನ ಮಾವ, ಅಜ್ಜಿಯ ಒಬ್ಬನೇ ಮಗ, ಒಮ್ಮೆ ರಜೆಯಲ್ಲಿ ಬಂದವರು ಅಮ್ಮ ಕೆಸರಲ್ಲಿ ಜಾರಿ ಬೀಳಬಾರದೆಂದು ಹಿತ್ತಿಲಿಗೆಲ್ಲ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕಿಸಿದರು. ಬಾತುಗೂಡನ್ನೂ ಬಿಡಲಿಲ್ಲ. ಅಜ್ಜಿ ಲಾಯ್ಕುಂಟು ಎಂದು ಹೊಗಳಿದಳು. ಮಾವ ವಿಮಾನ ಹತ್ತಿ ಹದಿನೈದು ದಿನವಾಗಿರಲಿಲ್ಲ, ಕಂದು ಬಾತು ಕುಂಟತೊಡಗಿತು. ಗಟ್ಟಿ ನೆಲ ತಾಗಿ ಅದರ ಅಂಗಾಲು ಹುಣ್ಣಾಗಿತ್ತು. ಅಜ್ಜಿ ಇಂಟರ್‌ಲಾಕಿನ ಮೇಲೆಯೇ ಮತ್ತೆ ಮರಳು, ತರಗೆಲೆ ಹರಡಿಸಿದಳು.

"ಮಾವನಿಗೆ ಹೇಳ್ಬೇಡ ಆಯ್ತಾ," ಎಂದಳು. "ಅವ ಪ್ರೀತಿಯಲ್ಲಿ ಹಾಕಿಸಿದ್ದು."

ಮುಂದೆ ಪ್ರತಿ ರಜೆಗೂ ಅದೇ ನಾಟಕ. ಮಾವ ಬರುವ ಮುನ್ನಾದಿನ ನಾವಿಬ್ಬರೂ ಎಲ್ಲ ಗುಡಿಸಿ ತೊಳೆಯುತ್ತಿದ್ದೆವು, ಅವರು ಹೋದ ಸಂಜೆಯೇ ಎಲೆ ಹರಡುತ್ತಿದ್ದೆವು. ನಡುವಿನ ಒಂದು ತಿಂಗಳು ಕಂದು ಬಾತು ಕುಂಟುತ್ತಿತ್ತು. ನನಗೆ ಮಾವನ ಮೇಲೆ ಸಿಟ್ಟು, ಸುಮ್ಮನಿರುವ ಅಜ್ಜಿಯ ಮೇಲೆ ಇನ್ನೂ ಸಿಟ್ಟು. ಆದರೂ ಬಾಯಿ ಬಿಡಲಿಲ್ಲ.

ಅಜ್ಜಿ ಹೋದಳು, ಆಮೇಲೆ ಮನೆಯೂ ಹೋಯಿತು. ಈ ವರ್ಷ ಮಗಳ ಹಠಕ್ಕೆ ನಾಲ್ಕು ಬಾತುಮರಿ ತಂದೆ. ನಮ್ಮ ಬಾಡಿಗೆ ಮನೆಯ ಅಂಗಳವೂ ಇಂಟರ್‌ಲಾಕಿನದೇ. ಮರಳು, ತರಗೆಲೆ ಹೊಂದಿಸಲಾಗದೆ ಅದರ ಮೇಲೆಯೇ ಗೂಡು ಮಾಡಿದ್ದೆ. ದುಬೈ ಬಿಟ್ಟು ಸುರತ್ಕಲ್ಲಿನಲ್ಲಿ ನೆಲೆಸಿರುವ ಮಾವ ನೋಡಲು ಬಂದವರು, ಒಂದು ಮರಿ ಯಾಕೆ ಕುಂಟುತ್ತದೆ ಎಂದು ಕೇಳಿದರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಚಹಾ ಮುಗಿಸದೆ ಎದ್ದು ಹೋದರು. ಅಜ್ಜಿಗೆ ಕೊಟ್ಟ ಮಾತು ಮುರಿದೆನಲ್ಲ ಎಂದು ವಾರವಿಡೀ ಸಂಕಟಪಟ್ಟೆ.

ಭಾನುವಾರ ಬೆಳಿಗ್ಗೆ ಮಾವ ಬಂದರು. ಕೈಯಲ್ಲಿ ಹಾರೆ, ಆಟೋದಲ್ಲಿ ಮರಳು ಮತ್ತು ತರಗೆಲೆಯ ಗೋಣಿಗಳು. ಮನೆಯ ಮಾಲೀಕರಿಗೆ ತಾವೇ ಫೋನು ಮಾಡಿ ಒಪ್ಪಿಸಿದ್ದರಂತೆ. ಗೂಡಿನ ಇಂಟರ್‌ಲಾಕನ್ನು ಒಂದೊಂದಾಗಿ ಎಬ್ಬಿಸಿ, ಮರಳು ತುಂಬಿದರು. ನಾನು ಗೋಣಿ ಬಿಚ್ಚಿ ಎಲೆ ಸುರಿದೆ. ಎಲ್ಲ ಮುಗಿದ ಮೇಲೆ ಅವರು ಚಪ್ಪಲಿ ಕಳಚಿದರು. ಲುಂಗಿಯನ್ನು ತುಸು ಎತ್ತಿ ಹಿಡಿದು, ಥೇಟ್ ಅಜ್ಜಿಯ ಹಾಗೆ, ಗೂಡಿನೊಳಗೆ ಸುಮ್ಮನೆ ನಿಂತರು. ಅವರ ಕಣ್ಣು ತುಂಬಿತ್ತು. ಮರಿಗಳು ನೀರು ಚೆಲ್ಲಿಕೊಂಡು ಬಂದು ಅವರ ಪಾದದ ಬಳಿ ಕೂತವು.

"ಈ ಮೂಲೆಯಲ್ಲಿ ಚಂಡಿ ಉಂಟು ಮಗಾ," ಎಂದರು. "ಇನ್ನೊಂದು ಗೋಣಿ ಎಲೆ ತಾ."