ಮರುದಿನ ಬೆಳಿಗ್ಗೆ ಅವಳೇನು ಮಾಡಿದಳು

ನನ್ನ ಚಿಕ್ಕಮ್ಮನ ಮಗಳನ್ನು ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಗುಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಕೆಲಸ. ಆದರೆ ಮಧ್ಯಾಹ್ನದ ಮೇಲೆ ಅವಳು ಸೂಜಿ ಮುಟ್ಟುತ್ತಿರಲಿಲ್ಲ. ಊಟವಾದ ಮೇಲೆ ಮಿಷನ್‌ಗಳು ನಿಂತು ಕೈಹೊಲಿಗೆ ಶುರುವಾಗುತ್ತಿತ್ತು. ಆಗ ಅವಳು ಕಿಟಕಿಯ ಪಕ್ಕ ಕೂತು ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದಳು. ಅವಳ ಪಾಲಿನ ಅಂಗಿಗಳನ್ನು ಉಳಿದ ಹೆಂಗಸರು ಹಂಚಿಕೊಳ್ಳುತ್ತಿದ್ದರು. ಸಂಜೆಗೆ ಕೆಲಸ ಮುಗಿದಿದ್ದರೆ ಕಟಿಂಗ್ ಮಾಸ್ಟರ್ ಯಾರು ಮಾಡಿದರೆಂದು ಕೇಳುತ್ತಿರಲಿಲ್ಲ.

ಅವಳಿಗೆ ಹೇಳಿಕೊಳ್ಳುವಂಥ ಬೇರೆ ಸುಖವಿರಲಿಲ್ಲ. ಅಣ್ಣನ ಮನೆಯಲ್ಲಿದ್ದಳು, ಅತ್ತಿಗೆಯ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ದಿನಕ್ಕೊಮ್ಮೆ ಅವಳ ಗಂಟಲು ತೆರೆಯುತ್ತಿದ್ದುದು ಆ ಕಿಟಕಿಯ ಬಳಿ ಮಾತ್ರ. ಪುಸ್ತಕಗಳು ನನ್ನ ಕಪಾಟಿನವು. ಹಿಂದಿರುಗಿಸಲು ಬಂದಾಗ ಅಂಗಡಿಯ ಸಮಾಚಾರ ಹೇಳುತ್ತಿದ್ದಳು; ಇದೂ ಹಾಗೆ ತಿಳಿದದ್ದು.

ಆಗ ಓದುತ್ತಿದ್ದುದು ಹಡಗಿನ ಕೆಲಸಕ್ಕೆ ಹೋದ ಮಗನನ್ನು ಕಾಯುವ ತಾಯಿಯೊಬ್ಬಳ ಕಥೆ. ಅಂಗಡಿಯಲ್ಲಿ ಇಸ್ತ್ರಿ ಮಾಡುವ ದೊಡ್ಡಮ್ಮನಷ್ಟು ಕಿವಿಗೊಟ್ಟು ಅದನ್ನು ಕೇಳಿದವರು ಬೇರೆ ಇರಲಿಲ್ಲ. ಆಕೆಯ ಮಗ ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಿದ್ದ. ಅಂಗಡಿಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಓದುತ್ತಿದ್ದಂತೆ ಗುಂಡಿ ಅಕ್ಕನ ಕಣ್ಣು ಪುಟದ ಕೆಳಸಾಲಿಗೆ ಬಿತ್ತು. ಅಲ್ಲಿ ಹಡಗು ಮುಳುಗಿತ್ತು. ಅವಳು ತಡವರಿಸಲಿಲ್ಲ. ತಾನೇ ಕಟ್ಟಿ ಹೇಳುತ್ತಾ ಮಗನನ್ನು ದಡಕ್ಕಿಳಿಸಿ, ಮನೆಗೆ ಕರೆತಂದು, ಕೈಕಾಲು ತೊಳೆಸಿ, ಊಟಕ್ಕೂ ಕೂರಿಸಿದಳು.

"ಹಾಗೇ ಒಂದು ಮದುವೇನೂ ಮಾಡಿಸ್ಬಿಡು," ಎಂದು ಗುಂಡಿಯ ತೂತಿಗೆ ಕಾಜಾ ಹೊಲಿಯುವವಳು ನಕ್ಕಳು. ದೊಡ್ಡಮ್ಮ ನಗಲಿಲ್ಲ.

ಮರುದಿನ ಆಕೆ ತನ್ನ ಪಾಲಿಗೆ ಬಂದ ಅಂಗಿಗಳನ್ನು ಹಿಂದಕ್ಕೆ ತಳ್ಳಿದಳು.

"ಯಾಕೆ ದೊಡ್ಡಮ್ಮ, ಕೈ ನೋವಾ?"

"ಕೈಗೇನಾಗಿದೆ? ನಿನ್ನ ಗುಂಡಿ ನೀನೇ ಹಾಕ್ಕೋ."

ಹಿರಿಯವಳೇ ಬೇಡವೆಂದ ಮೇಲೆ ಉಳಿದವರೂ ಕೈ ಹಾಕಲಿಲ್ಲ. ರಾಶಿ ಹಾಗೇ ಬಿದ್ದಿದ್ದನ್ನು ಮಾಸ್ಟರ್ ನೋಡಿದ. "ನೋಡಮ್ಮ, ಸಂಜೆಗೆ ಇದು ಮುಗೀದಿದ್ರೆ ನಾಳೆಯಿಂದ ಪುಸ್ತಕ ತರೋದು ಬೇಡ," ಎಂದು ಹೊರಗೆ ಹೋದ.

ಗುಂಡಿ ಅಕ್ಕ ಇಸ್ತ್ರಿ ಮೇಜಿನ ಬಳಿ ಹೋಗಿ ನಿಂತಳು. "ನಾನೇನು ತಪ್ಪು ಮಾಡಿದೆ, ಹೇಳಿ."

"ನಿನ್ನೆ ಅಷ್ಟು ಹೊತ್ತು ಓದಿದೆ. ಒಂದು ಪುಟಾನೂ ತಿರುವಲಿಲ್ಲ."

ಅವಳು ತಲೆ ತಗ್ಗಿಸಿದಳು. "ಕಥೆ ತಾನೆ ದೊಡ್ಡಮ್ಮ. ಅದೂ ಸುಳ್ಳೇ ಅಲ್ವಾ?"

"ಅದು ಸುಳ್ಳು ಅಂತ ಗೊತ್ತಿದ್ದೇ ಕೇಳ್ತೀನಿ. ನೀನು ಸುಳ್ಳು ಹೇಳ್ತೀಯ ಅಂತ ಗೊತ್ತಿರಲಿಲ್ಲ." ಆಕೆ ಕಾಲರ್ ಮಗುಚಿ ಒತ್ತಿದಳು. "ಹುಡುಗ ಹೋದ ಅಲ್ವಾ?"

"ಹೂಂ."

"ಹೋಗ್ತಾನೆ ಅಂತ ನನಗೆ ಆಗಲೇ ಅನ್ನಿಸಿತ್ತು. ಮಾರನೇ ಬೆಳಿಗ್ಗೆ ಎದ್ದು ಅವಳೇನು ಮಾಡಿದ್ಲು, ಅದು ಬೇಕು ನನಗೆ. ನಮ್ಮ ಮನೆಗೆ ಬಂದೋರೆಲ್ಲ ಸಮಾಧಾನ ಹೇಳಿ ಹೋದ್ರು. ತಮಗೆ ಹೀಗಾದಾಗ ಏನು ಮಾಡಿದ್ವಿ ಅಂತ ಒಬ್ರೂ ಬಾಯಿಬಿಡಲಿಲ್ಲ."

ಗುಂಡಿ ಅಕ್ಕ ಕಿಟಕಿಯ ಬಳಿ ಕೂತು, ಹಡಗು ಮುಳುಗಿದ ಸಾಲಿನಿಂದ ಮತ್ತೆ ಶುರುಮಾಡಿದಳು. ಕಥೆಯ ತಾಯಿ, ಮಗ ಯಾವ ಹೊತ್ತಿಗೆ ಬಂದರೂ ಸ್ನಾನಕ್ಕಿರಲಿ ಎಂದು ದಿನವೂ ಒಂದು ಕೊಡ ನೀರು ಹೆಚ್ಚಾಗಿ ತಂದಿಡುತ್ತಿದ್ದವಳು. ಸುದ್ದಿ ಬಂದ ಮರುದಿನವೂ ತಂದಳು. ಬಾಗಿಲಲ್ಲಿ ಕೊಡ ಇಳಿಸಿದ ಮೇಲೆ ಆ ನೀರು ಇನ್ನು ಯಾರಿಗೂ ಬೇಡವೆಂಬುದು ಅವಳಿಗೆ ಹೊಳೆಯಿತು.

"ಚೆಲ್ಲಿದ್ಲಾ?" ಎಂದಳು ದೊಡ್ಡಮ್ಮ.

ಗುಂಡಿ ಅಕ್ಕ ಪುಟ ತಿರುವಿದಳು. "ಇಲ್ಲ. ಅದರಲ್ಲೇ ಬಟ್ಟೆ ಒಗೆದ್ಲು. ಬೇಕಾದ್ರೆ ನೀವೇ ನೋಡಿ."

"ನೋಡೋದೇನು? ತಿರುವಿದೆಯಲ್ಲ."

ಆಕೆ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿದಳು.

"ಮಾರನೇ ಬೆಳಿಗ್ಗೆ ನಾನು ಎರಡು ಊಟದ ಡಬ್ಬಿ ಕಟ್ಟಿದ್ದೆ, ನಂದೊಂದು, ಅವನದೊಂದು," ಎಂದಳು. "ತಲೆ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ."

ದೊಡ್ಡಮ್ಮ ಸ್ವಿಚ್ ಆರಿಸಿ, ಸ್ಟೂಲ್ ಎಳೆದುಕೊಂಡು, ಅಂಗಿಗಳ ರಾಶಿಯನ್ನು ಮಡಿಲಿಗೆ ಹಾಕಿಕೊಂಡಳು.

"ಯಾರಾದ್ರೂ ಸೂಜಿ ಕೊಡಿ. ನೀನು ಓದು, ಮಾಸ್ಟರ್ ಬರೋ ಹೊತ್ತಾಯ್ತು."