ಆ ಸೋಮವಾರ ನನಗೆ ಗೊತ್ತಿತ್ತು

ಆ ಸೋಮವಾರ ಕಂಪ್ಯೂಟರುಗಳು ಯಾಕೆ ಶುರುವಾಗುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು, ಬಸವರಾಜರೇ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲೇ ಗೊತ್ತಾಗಿತ್ತು. ಗೊತ್ತಿದ್ದೂ ಹೇಳಲಿಲ್ಲ. ಹೆದರಿ ಅಲ್ಲ, ಮರೆತು ಅಲ್ಲ — ನೀವು ಹಾಳಾಗಲಿ ಎಂದೇ ಹೇಳಲಿಲ್ಲ. ಮೂರು ವರ್ಷವಾಯಿತು.

ನನಗೆ ನಿಮ್ಮ ಮೇಲೆ ಯಾಕೆ ಅಷ್ಟು ಸಿಟ್ಟಿತ್ತೆಂದು ನಿಮಗೆ ಗೊತ್ತಿದೆ. ಆದರೂ ಬರೆಯುತ್ತೇನೆ. ಕಾಂದಿವಲಿಯ ಆ ಕೃತಕ ಕಾಲಿನ ಕಾರ್ಖಾನೆಯಲ್ಲಿ ನೀವು ಬರುವ ಮೊದಲು ಒಂಬತ್ತು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡವಳು ನಾನು. ನಮ್ಮ ಬಿಲ್ಡಿಂಗಿನಲ್ಲಿದ್ದ ನಿಮ್ಮ ಅಕ್ಕ ಕೇಳಿಕೊಂಡರೆಂದು ಯಜಮಾನರಿಗೆ ನಿಮ್ಮ ಹೆಸರು ಹೇಳಿದವಳೂ ನಾನೇ. ವಿಜಯಪುರದಿಂದ ಆಗಷ್ಟೇ ಬಂದಿದ್ದ ನೀವು ನನ್ನನ್ನು 'ಅಕ್ಕಾರ' ಎಂದು ಕರೆಯುತ್ತಿದ್ದಿರಿ. ಒಂದು ದಿನ ಊಟದ ಹೊತ್ತಿನಲ್ಲಿ, ಯಾರಿಗೂ ಹೇಳದ ಮಾತನ್ನು ನಿಮಗೆ ಹೇಳಿದೆ — ಅಪ್ಪ ಹೋಟೆಲಿನ ಅಡುಗೆಮನೆಯಲ್ಲಿ ಬಿದ್ದು ಹಾಸಿಗೆ ಹಿಡಿದ ವರ್ಷ ನಾನು ಡಿಪ್ಲೊಮಾದ ಕೊನೆಯ ಪರೀಕ್ಷೆಗೆ ಕೂರಲೇ ಇಲ್ಲ, ಸರ್ಟಿಫಿಕೇಟು ನನ್ನ ಹತ್ತಿರ ಇಲ್ಲ ಎಂದು. ಎರಡು ತಿಂಗಳ ನಂತರ ವಿಭಾಗಕ್ಕೆ ಒಬ್ಬ ಮುಖ್ಯಸ್ಥ ಬೇಕೆಂದಾಗ ಯಜಮಾನರು ನನ್ನನ್ನು ಕರೆದು ಕೇಳಿದ್ದು ಅದನ್ನೇ. ಆ ಹುದ್ದೆ ನಿಮಗೆ ಸಿಕ್ಕಿತು. ನನಗೆ ಸ್ಟೋರ್‌ರೂಮಿನ ಪಕ್ಕದ ಮೇಜು, ಪ್ರಿಂಟರುಗಳು, ಹಾಜರಿ ಯಂತ್ರ.

ಯಾಕೆ ಹೇಳಿದಿರಿ ಎಂದು ನಿಮ್ಮನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ್ದೆ. ನೀವು ಅಂದಿರಿ, "ಅವರು ಕೇಳಿದ್ರು, ನಾ ಹೇಳಿದೆ. ಸುಳ್ಳು ಹೆಂಗ ಹೇಳ್ಲಿ, ಮೇಡಂ?"

ಅವತ್ತಿನಿಂದ ನಾನು ನಿಮಗೆ ಮೇಡಂ. ಅವತ್ತಿನಿಂದ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಿಂತು ಬರುವಾಗಲೆಲ್ಲ ನಿಮ್ಮ ಸೋಲನ್ನು ಬಗೆಬಗೆಯಾಗಿ ಕಲ್ಪಿಸಿಕೊಳ್ಳುವುದು ನನ್ನ ಕೆಲಸವಾಯಿತು. ಒಂದೂವರೆ ವರ್ಷ. ಎದುರಿಗೆ ಸಿಕ್ಕರೆ ನಗುತ್ತಿದ್ದೆ.

ಆ ಸೋಮವಾರಕ್ಕೆ ಮೊದಲು, ಪ್ರೊಸೆಸರಿನಲ್ಲಿ ಒಂದು ದೋಷವಿದೆ, ಅದನ್ನು ಸರಿಪಡಿಸುವ ಫರ್ಮ್‌ವೇರನ್ನು — ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ತಂತ್ರಾಂಶವನ್ನು — ಹಾಕಿಕೊಳ್ಳಿ ಎಂದು ತಯಾರಕರಿಂದ ಸೂಚನೆ ಬಂದಿತ್ತು. ಮೊದಲು ಒಂದು ಕಂಪ್ಯೂಟರಿಗೆ ಹಾಕಿ ನೋಡಬೇಕಿತ್ತು. ನೀವು ಶನಿವಾರ ಎಲ್ಲಕ್ಕೂ ಒಟ್ಟಿಗೆ ಹಾಕಿ, ಮತ್ತೆ ಆನ್ ಮಾಡಿದಾಗ ತಾನೇ ಕೂರುವಂತೆ ಇಟ್ಟು ಹೊರಟಿರಿ. ಸೋಮವಾರ ರೋಗಿಗಳ ಅಳತೆ ದಾಖಲಿಸುವ ಹುಡುಗಿಯರು ಬಂದು ಗುಂಡಿ ಒತ್ತಿದರು. ಫ್ಯಾನ್ ತಿರುಗಿತು, ಒಂದು ಕ್ಷಣ ಬೆಳಕು ಬಂತು, ಆಮೇಲೆ ನೀಲಿ ಪರದೆ — ಡಿಸ್ಕ್ ಸಿಗುತ್ತಿಲ್ಲ ಎಂಬ ಸಾಲು — ಆರಿ ಮತ್ತೆ ಮೊದಲಿನಿಂದ. ಇಡೀ ಸಾಲು ಹಾಗೆ ಏಳುತ್ತ ಬೀಳುತ್ತ ಇತ್ತು. ನೀವು ಕೇಬಲ್ ಬದಲಿಸಿದಿರಿ, ಮೆಮೊರಿ ಕಿತ್ತು ಒರೆಸಿ ಹಾಕಿದಿರಿ, ಒಳಗಿನ ಪುಟ್ಟ ಬ್ಯಾಟರಿಯನ್ನು ತೆಗೆದು ಮತ್ತೆ ಕೂರಿಸಿದಿರಿ. ನಿಮ್ಮ ಅಂಗಿಯ ಬೆನ್ನು ಒದ್ದೆಯಾಗಿದ್ದು ನನ್ನ ಮೇಜಿನಿಂದಲೇ ಕಾಣುತ್ತಿತ್ತು.

ನನ್ನ ಕಂಪ್ಯೂಟರೂ ಎದ್ದಿರಲಿಲ್ಲ. ಸೆಟ್ಟಿಂಗಿನ ಪುಟಕ್ಕೆ ಹೋಗಿ ನೋಡಿದೆ. ಹೊಸ ಫರ್ಮ್‌ವೇರ್ ಎಲ್ಲ ಸೆಟ್ಟಿಂಗುಗಳನ್ನೂ ಹೊಸದಾಗಿ ಕೊಂಡು ತಂದಾಗಿನ ಸ್ಥಿತಿಗೆ ತಂದಿತ್ತು. ಡಿಸ್ಕನ್ನು ಓದುವ ವಿಧಾನವೂ ಬದಲಾಗಿತ್ತು. ಆ ಕಂಪ್ಯೂಟರುಗಳನ್ನು ಕೊಂಡ ವರ್ಷ ಅದೊಂದು ಸೆಟ್ಟಿಂಗನ್ನು ಪ್ರತಿಯೊಂದರಲ್ಲೂ ಕೈಯಾರೆ ಬದಲಿಸಿದವಳು ನಾನು. ಮತ್ತೆ ಬದಲಿಸಿದೆ. ಕಂಪ್ಯೂಟರ್ ಶುರುವಾಯಿತು. ಐದು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಮಾಡಿದ್ದನ್ನು ಬರೆಯಲು — ಬರೆಯಲೇಬೇಕು. ಆ ಸೆಟ್ಟಿಂಗನ್ನು ಮತ್ತೆ ತಪ್ಪು ಮಾಡಿ ಇಟ್ಟೆ. ಬೇಕೆಂದೇ. ನೀಲಿ ಪರದೆ ಬಂದದ್ದನ್ನು ಕಣ್ಣಾರೆ ನೋಡಿ, ಕೈಕಟ್ಟಿ ಕೂತೆ.

ಮಧ್ಯಾಹ್ನ ನೀವು ನನ್ನ ಮೇಜಿಗೆ ಬಂದಿರಿ. "ನನ್ನಿಂದ ಆಗವಲ್ದು, ಅಕ್ಕಾರ. ನೀವರ ಒಂದ್ಸಲ ನೋಡ್ರಿ."

ಅಷ್ಟು ದಿನದ ಮೇಲೆ ಅಕ್ಕಾರ. ಕರಗಬೇಕಿತ್ತು. ಕರಗಲಿಲ್ಲ, ಇನ್ನೂ ಗಟ್ಟಿಯಾದೆ.

"ನಾನು ಪ್ರಿಂಟರ್ ನೋಡುವವಳು ಮಾರಾಯ್ರೆ," ಅಂದೆ. "ನನಗೆ ಅದೆಲ್ಲ ಎಂತ ಗೊತ್ತುಂಟು?"

ಮರುದಿನ ಯಜಮಾನರು ತಾಸಿಗೊಮ್ಮೆ ಬಂದು ನಿಲ್ಲತೊಡಗಿದರು. ಡಿಸ್ಕುಗಳಲ್ಲಿ ಇದ್ದದ್ದೆಲ್ಲ ಕೆಟ್ಟುಹೋಗಿದೆ ಎಂದು ನೀವು ತೀರ್ಮಾನಿಸಿಬಿಟ್ಟಿದ್ದಿರಿ. ಡಿಸ್ಕನ್ನು ಬಿಚ್ಚಿ ಬೇರೆ ಕಡೆ ಹಚ್ಚಿ ನೋಡುವ ತಾಳ್ಮೆಯೂ ಆ ಹೆದರಿಕೆಯಲ್ಲಿ ಉಳಿದಿರಲಿಲ್ಲ. ಆದರೂ ಶುರುಮಾಡುವ ಮೊದಲು ನನ್ನ ಕಡೆ ತಿರುಗಿ ಕೇಳಿದಿರಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ. ಹಾಕ್ಲೇನ್ರಿ?"

ಆ ತಿಂಗಳು ಬಂದು ಹೋದ ರೋಗಿಗಳ ಕಾಲಿನ ಅಳತೆಗಳು ಆ ಡಿಸ್ಕುಗಳಲ್ಲಿ ಮಾತ್ರ ಇದ್ದವು. ನನಗೆ ಗೊತ್ತಿತ್ತು. 'ಬೇಡ' ಅಂದಿದ್ದರೆ ಸಾಕಿತ್ತು. ನಾನು ಅಂದದ್ದು "ಹಾಕಿ."

ಎಲ್ಲ ಅಳಿಸಿ ಹೊಸದಾಗಿ ಹಾಕಿದ ಮೇಲೆ ಕಂಪ್ಯೂಟರುಗಳು ಎದ್ದವು. ಹಾಗಾಗಿ ನಿಮ್ಮ ಊಹೆಯೇ ಸರಿಯೆಂದು ಎಲ್ಲರೂ ನಂಬಿದರು, ನೀವೂ ನಂಬಿದಿರಿ. ಅಳತೆಗಳು ಹೋಗಿದ್ದವು. ರೋಗಿಗಳನ್ನು ಮತ್ತೆ ಒಬ್ಬೊಬ್ಬರಾಗಿ ಕರೆಸಬೇಕಾಯಿತು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ವಯಸ್ಸಾದ ಸಿದ್ದಪ್ಪನ ಸರದಿ ಬರಲು ಐದು ವಾರ ಹಿಡಿಯಿತು. ಅಷ್ಟರೊಳಗೆ ಅವರು ಹಳೆಯ ಸಡಿಲ ಕಾಲಿನಲ್ಲೇ ಸ್ಟೇಷನ್ನಿನ ಸೇತುವೆ ಇಳಿಯುವಾಗ ಬಿದ್ದು ಬಲಗೈ ಮುರಿದುಕೊಂಡರು. ಕಟ್ಟು ಹಾಕಿದ ಕೈಯಲ್ಲೇ ಬಂದು ಎಲ್ಲರೆದುರು ನಿಮ್ಮನ್ನು ನಿಲ್ಲಿಸಿ, "ಕಾಲು ಹ್ವಾದಾಗ ದೇವರಿಗೆ ಬೈದಿದ್ದೆ. ಕೈ ಹ್ವಾದದ್ದು ನಿನ್ನಿಂದ," ಅಂದರು. ನೀವು ತಲೆ ಎತ್ತಲಿಲ್ಲ. ಅದೇ ಸಂಜೆ ಯಜಮಾನರು ನಿಮ್ಮನ್ನು ಕೆಲಸದಿಂದ ತೆಗೆದರು.

ಆ ಸಂಜೆ ನಾನು ಸ್ಟೇಷನ್ನಿನ ಹೊರಗೆ ನಿಂತು ಎರಡು ವಡಾಪಾವ್ ತಿಂದೆ. ಎಷ್ಟೋ ದಿನಗಳ ಮೇಲೆ ಚೆನ್ನಾಗಿ ಹಸಿವಾಗಿತ್ತು — ಇದನ್ನೂ ನಿಮಗೆ ಹೇಳಬೇಕು.

ನಿಮ್ಮ ಹುದ್ದೆ ನನಗೆ ಬಂತು. ಈ ಸಲ ಯಾರೂ ಸರ್ಟಿಫಿಕೇಟು ಕೇಳಲಿಲ್ಲ. ನೀವು ಕೆಲಸ ಕೇಳಿ ಹೋದಲ್ಲೆಲ್ಲ ನಮ್ಮ ಆಫೀಸಿಗೆ ಫೋನ್ ಬರುತ್ತಿತ್ತು. ಇಲ್ಲಿಂದ ಏನು ಉತ್ತರ ಹೋಗುತ್ತಿತ್ತೆಂದು ನಾನು ಕೇಳಿಸಿಕೊಂಡಿದ್ದೇನೆ. ಬಾಂದ್ರಾದಲ್ಲಿ ಯಾವುದೋ ಮೊಬೈಲ್ ಅಂಗಡಿಯಲ್ಲಿದ್ದೀರಿ ಎಂದು ನಿಮ್ಮ ಅಕ್ಕನಿಂದ ತಿಳಿಯಿತು. ಆಗಲೂ ಸುಮ್ಮನಿದ್ದೆ.

ಕಳೆದ ವಾರ ಸಿದ್ದಪ್ಪ ಕಾಲಿನ ಪಟ್ಟಿ ಸರಿಮಾಡಿಸಿಕೊಳ್ಳಲು ಬಂದರು. ಮುರಿದ ಕೈ ಕೂಡಿದೆ, ಹೊಲಿಗೆಯ ಸೂಜಿಗೆ ಮಾತ್ರ ಹಿಡಿತವಿಲ್ಲ. ಈಗ ಬೇರೆಯವರು ಹೊಲಿದ ಚೀಲಗಳಿಗೆ ಗುಂಡಿ ಕೂರಿಸುತ್ತಾರಂತೆ. ಕನ್ನಡದವಳೆಂದು ನನ್ನ ಎದುರಿಗೆ ಬಂದು ಕೂತು, ಆ ನಮ್ಮೂರ ಕಡೆಯವ ಈಗೆಲ್ಲಿದ್ದಾನೆ ಎಂದು ಕೇಳಿದರು. ನಾನು ಯಾಕೆ ಆಗ — ಗೊತ್ತಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೂಗಾಡಲಿಲ್ಲ.

"ನಾ ಅವಗ ಎಲ್ಲಾರ ಮುಂದ ಬೈದೀನಿ, ತಾಯಿ," ಅಂದರು. "ನನ್ನ ಬಾಯಿಲೆ ನೀ ಬೈಸಿದಿ."

ಪಟ್ಟಿ ಸರಿಮಾಡಿಸಿಕೊಳ್ಳದೆಯೇ ಎದ್ದು ಹೋದರು. ಹಿಂದೆ ಹೋಗಿ ರಿಕ್ಷಾ ನಿಲ್ಲಿಸಿದೆ; ಹತ್ತಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ, ಬಸವರಾಜರೇ. ಹೋಗಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ನೀವು ನನ್ನ ಮಾತನ್ನು ಹೊರಗೆ ಹಾಕಿದ್ದು ನಿಜ. ಆದರೆ ಅದಕ್ಕೆ ನಾನು ತೆಗೆದುಕೊಂಡದ್ದು — ನಿಮ್ಮ ಅನ್ನ, ನಿಮ್ಮ ಹೆಸರು, ಏನೂ ಅರಿಯದ ಒಬ್ಬ ಮುದುಕನ ಕೈ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುತ್ತಿಲ್ಲ.

ಇದನ್ನೆಲ್ಲ ಬರೆದು ಸಹಿ ಮಾಡಿ ಇವತ್ತು ಬೆಳಿಗ್ಗೆ ಯಜಮಾನರ ಕೈಗೆ ಕೊಟ್ಟಿದ್ದೇನೆ. ಓದಿದರು; ನನ್ನ ಮುಖ ನೋಡಲಿಲ್ಲ. ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸಿ ಎಂದು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಸಿದ್ದಪ್ಪನಿಗೂ ಹೇಳಿ ಕಳಿಸಿದ್ದೇನೆ. ಅವರು ಬಂದರೆ ಅವರೆದುರು, ಬಾರದಿದ್ದರೆ ಉಳಿದವರೆದುರು, ನಾನೇ ನಿಂತು ಹೇಳುತ್ತೇನೆ. ಈ ಕಾಗದ ನಿಮ್ಮ ಅಕ್ಕನ ಕೈಯಿಂದ ಇವತ್ತೇ ನಿಮಗೆ ತಲುಪುತ್ತದೆ. ಬರಲೇಬೇಕೆಂದು ಕರೆಯುತ್ತಿಲ್ಲ. ನೀವು ಇಲ್ಲದಿದ್ದರೂ ಹೇಳುತ್ತೇನೆ.