ಕಾವಲಿಗೆ ಹೋದವಳು ಓಡಿದ್ದು

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಲವತ್ತು ದಾಟುವವರೆಗೆ ನಾನು ಓಡಿದವಳೇ ಅಲ್ಲ. ಒಣಹಾಕಿದ ಬಟ್ಟೆಯ ಮೇಲೆ ಹನಿ ಬಿದ್ದಾಗ ತಾರಸಿಯ ಮೆಟ್ಟಿಲು ಹತ್ತಿದ್ದನ್ನು ಓಟ ಅಂತ ಹಿಡಿಯುವುದಾದರೆ ಮಾತು ಬೇರೆ. ಆ ಪಂದ್ಯದಲ್ಲೂ ಸಾಮಾನ್ಯವಾಗಿ ಮಳೆಯೇ ಗೆಲ್ಲುತ್ತಿತ್ತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ರಾಜರ ದಂಡಯಾತ್ರೆಗಳ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡಬಲ್ಲೆ. ಶಾಲೆಯ ಎರಡನೇ ಮಹಡಿಗೆ ಹತ್ತುವಾಗ ಮಾತ್ರ ನಡುವೆ ನಿಂತು, ಗೋಡೆಯ ಮೇಲಿನ ಸುಭಾಷಿತ ಓದುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಇಂಥವಳು ಓಡಲು ಕಲಿತದ್ದು ಒಂದು ಹುಡುಗಿಯನ್ನು ಕಾಯಲು ಹೋಗಿ.

ಹುಡುಗಿ ಅಂದರೆ ನನ್ನ ಅಕ್ಕನ ಮಗಳು ಶೈಲಜಾ. ಭದ್ರಾವತಿ ನ್ಯೂಟೌನಿನವಳು, ಬಿ.ಎ. ಮುಗಿಸಿದ್ದಳು. ತೊಂಬತ್ತರ ದಶಕದ ಕೊನೆಯ ದಿನಗಳು ಅವು. ಭಾವ ಕಾರ್ಖಾನೆಯ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದರು. ಹಾಗೆ ಕೂತ ಗಂಡಸಿಗೆ ಮಗಳ ಮದುವೆ ಬಿಟ್ಟರೆ ಬೇರೆ ಕೆಲಸ ಹೊಳೆಯುವುದಿಲ್ಲ. ದಾವಣಗೆರೆ ಕಡೆಯ ಒಂದು ಸಂಬಂಧವೂ ಬಂದಿತ್ತು. ಅಷ್ಟರಲ್ಲಿ ಹುಡುಗಿ ಯಾರಿಗೂ ಹೇಳದೆ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆಯಲ್ಲಿ ಪಾಸೂ ಆಗಿ ಕೂತಿದ್ದಳು. ಉಳಿದದ್ದು ಓಟವೊಂದೇ. ನಾನೂರು ಮೀಟರನ್ನು ಅವರು ಹೇಳಿದ ಸಮಯದೊಳಗೆ ಓಡಿ ಮುಗಿಸಬೇಕು. ಭಾವ ತೀರ್ಪು ಕೊಟ್ಟರು: "ಓಡಿ ಪಾಸಾದ್ರೆ ಕೆಲಸ. ಇಲ್ದಿದ್ರೆ ಬೇಸಿಗೇಲಿ ಮದ್ವೆ. ಆಮೇಲೆ ಅಳೋ ಹಾಗಿಲ್ಲ." ಶೈಲಜಾ ಕೊನೆಯ ಸಲ ಓಡಿದ್ದು ಪ್ರೈಮರಿ ಶಾಲೆಯಲ್ಲಿ, ಬಾಯಲ್ಲಿ ಚಮಚ, ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು.

ನ್ಯೂಟೌನಿನಲ್ಲಿ ಎಲ್ಲರೂ ಗುರುತಿನವರು. ಬೆಳೆದ ಹುಡುಗಿ ರಸ್ತೆಯಲ್ಲಿ ಓಡಿದರೆ ಅವಳು ಮನೆ ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ. ಅದಕ್ಕೆ ಅಕ್ಕ ಅವಳನ್ನು ಶಿವಮೊಗ್ಗಕ್ಕೆ, ನಮ್ಮ ಮನೆಗೆ ಕಳಿಸಿದಳು. ಬಸ್ ಹತ್ತಿಸುವ ಮೊದಲು ನನಗೆ ಫೋನ್ ಮಾಡಿ, "ಒಬ್ಬಳನ್ನೇ ಬಿಡ್ಬೇಡ ಕಣೇ. ನಿನ್ನ ಕಣ್ಣಳತೇಲೇ ಇರ್ಲಿ" ಅಂದಳು. ಆಗಲಿ ಅಂದುಬಿಟ್ಟೆ. ಓಡುವ ಹುಡುಗಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕಾದರೆ ಕಾಯುವವಳೂ ಓಡಬೇಕಾಗುತ್ತದೆ ಎಂಬ ಸರಳ ಸತ್ಯ ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ.

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರನ್ನು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ನಗು ನುಂಗಿಕೊಂಡು, ಶಾಸ್ತ್ರ ಹೇಳಿದರು. "ಮೇಡಂ, ಮೊದಲ ದಿನವೇ ಜೋರು ಓಡಿದ್ರೆ ಮಾರನೇ ದಿನ ಮಂಚ ಬಿಟ್ಟು ಏಳಲ್ಲ. ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದ ತನಕ ಓಡಿ. ಆಮೇಲೆ ಎರಡು ಕಂಬ ನಡೀರಿ. ವಾರ ಕಳೆದ ಹಾಗೆ ಓಡೋ ಕಂಬ ಜಾಸ್ತಿ, ನಡೆಯೋ ಕಂಬ ಕಮ್ಮಿ. ಆದ್ರೆ ಒಂದು ಕಂಡೀಷನ್ನು, ಈಗ ಮಾತಾಡ್ತಾನೇ ಓಡ್ಬೇಕು. ಮಾತು ನಿಲ್ತು ಅಂದ್ರೆ ಸ್ಪೀಡು ಜಾಸ್ತಿ ಆಯ್ತು ಅಂತ ಅರ್ಥ."

ಮಾತಾಡಬೇಕು ಅಂದದ್ದೇ ತಡ, ನನಗೆ ಧೈರ್ಯ ಬಂತು. ನಮ್ಮ ವಂಶದಲ್ಲಿ ಮಾತಿಗೆ ಬರಗಾಲ ಬಂದ ದಾಖಲೆಯೇ ಇಲ್ಲ.

ಬಿಳಿ ಕ್ಯಾನ್‌ವಾಸ್ ಶೂ ಬಂತು. ಸೀರೆ ಬಿಟ್ಟರೆ ಬೇರೆ ಕಾಣದ ಮೈಗೆ ಚೂಡಿದಾರ ಬಂತು. ನಮ್ಮ ಯಜಮಾನರು ದಿಂಬಿಗೆ ಒರಗಿಕೊಂಡೇ ನೋಡಿ, "ಯಾವ ಬೆಟಾಲಿಯನ್ನು?" ಅಂದರು. ಶೂ ಲೇಸು ಬಿಗಿದು ಶೈಲಜಾಳನ್ನು ಕರೆದೆ. ಸವಳಂಗ ರಸ್ತೆಯಲ್ಲಿ ನವುಲೆಯ ಕಡೆಗೆ, ಕೃಷಿ ಕಾಲೇಜಿನ ದಿಕ್ಕಿಗೆ ಹೊರಟೆವು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಮೊದಲ ಕಂಬದಿಂದ ಎರಡನೆಯ ಕಂಬ ಕೈಗೆಟುಕುವ ಹಾಗೆ ಕಾಣುತ್ತಿತ್ತು. ಓಡಲು ಶುರು ಮಾಡಿದ ಮೇಲೆ ಅದು ಹಿಂದೆ ಸರಿಯತೊಡಗಿತು. ದಿನವೂ ಬಸ್ಸಿನಲ್ಲಿ ಹೋಗುವಾಗ ಇಷ್ಟು ಹತ್ತಿರವಿದ್ದ ಕಂಬಗಳನ್ನು ರಾತ್ರೋರಾತ್ರಿ ಯಾರು ಕಿತ್ತು ದೂರ ನೆಟ್ಟರೋ ಗೊತ್ತಾಗಲಿಲ್ಲ. ಕಂಬ ಮುಟ್ಟಿದಾಗ ನಮ್ಮಿಬ್ಬರ ಬಾಯಿಂದ ಹೊರಟದ್ದು ಒಂದೇ ಶಬ್ದ, "ಅಯ್ಯೋ."

ಮೊದಲ ವಾರವಿಡೀ ನಮ್ಮ ಸಂಭಾಷಣೆ ಅಷ್ಟೇ. ಎರಡನೆಯ ವಾರ ಅದು "ಅಯ್ಯೋ ದೇವರೇ" ಎಂದು ಬೆಳೆಯಿತು. ಆಮೇಲೆ ಕ್ರಿಯಾಪದಗಳು ಬಂದವು. ಒಂದು ದಿನ ಎದುರುಮನೆಯವರ ಹೊಸ ಸೊಸೆಯ ವಿಷಯ ಒಂದು ಕಂಬದಲ್ಲಿ ಶುರುವಾಗಿ ಮೂರನೆಯ ಕಂಬದ ತನಕ ಉಸಿರು ಕಡಿಯದೆ ನಡೆಯಿತು. ನಾವಿಬ್ಬರೂ ನಿಂತು ಹಿಂದಿರುಗಿ ನೋಡಿದೆವು. ಮೂರು ಕಂಬ! ಹನಿ ಹನಿಗೂಡಿದರೆ ಹಳ್ಳ ಅಂತ ಮಕ್ಕಳ ಕೈಲಿ ಸಾವಿರ ಸಲ ಬರೆಸಿದ್ದೇನೆ, ನನ್ನ ಕಾಲಿಗೆ ಅದು ಅರ್ಥವಾದದ್ದು ಅವತ್ತು. ಖುಷಿಗೆ ನಡುರಸ್ತೆಯಲ್ಲಿ ಆ ಹುಡುಗಿಯನ್ನು ಅಪ್ಪಿಕೊಂಡುಬಿಟ್ಟೆ. ಪಾಪ, ಎದುರುಮನೆಯ ಸೊಸೆಗೆ ತನ್ನಿಂದ ಇಷ್ಟು ಉಪಕಾರವಾಗಿದೆ ಎಂದು ಇವತ್ತಿಗೂ ಗೊತ್ತಿಲ್ಲ.

ಆದರೆ ನಮ್ಮ ಊರಿನಲ್ಲಿ ದೊಡ್ಡವರು ಓಡುವುದು ಅಷ್ಟು ಸುಲಭವಲ್ಲ. ಯೋಚಿಸಿ ನೋಡಿ, ನಮ್ಮ ಪುರಾಣದಲ್ಲಿ ಅಣ್ಣತಮ್ಮಂದಿರ ನಡುವೆ ಒಂದು ಓಟದ ಪಂದ್ಯ ನಡೆಯಿತು. ಪಾಪ ಷಣ್ಮುಖ ನವಿಲಿನ ಮೇಲೆ ಲೋಕವನ್ನೆಲ್ಲ ಸುತ್ತಿ ಬೆವರು ಒರೆಸಿಕೊಳ್ಳುತ್ತಾ ಬಂದ. ಬಹುಮಾನ ಹೋದದ್ದು ಅಪ್ಪ ಅಮ್ಮನ ಸುತ್ತ ಒಂದು ಸುತ್ತು ಹಾಕಿ ಕೂತ ಡೊಳ್ಳುಹೊಟ್ಟೆಯವನಿಗೆ. ವರ್ಷಕ್ಕೊಮ್ಮೆ ಅವನಿಗೇ ಕಡುಬು ಬೇಯಿಸಿ ಕೈಮುಗಿಯುವ ನಮಗೆ ಓಡುವವರನ್ನು ಕಂಡರೆ ಗೌರವ ಹುಟ್ಟುವುದಾದರೂ ಹೇಗೆ? ಹುಟ್ಟುವುದು ಗಾಬರಿ. ಯಾರೋ ಸತ್ತಿರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿರಬೇಕು, ಅದೂ ಅಲ್ಲವಾದರೆ ಬಸ್ಸು ತಪ್ಪಿರಬೇಕು. ವಾಕಿಂಗ್ ಬಂದಿದ್ದ ಒಬ್ಬ ಹಿರಿಯರು ನಮ್ಮನ್ನು ತಡೆದು, "ಏನಮ್ಮಾ, ತ್ಯಾವರೆಕೊಪ್ಪದ ಸಫಾರಿ ಹುಲಿ ಏನಾದ್ರೂ ತಪ್ಪಿಸ್ಕೊಂಡು ಬಂತಾ?" ಎಂದು ಕೇಳಿದರು. ತಮಾಷೆಗಲ್ಲ, ಕೇಳುತ್ತಲೇ ಒಮ್ಮೆ ಹಿಂದೆಯೂ ನೋಡಿಕೊಂಡರು. ಭಾನುವಾರ ಭದ್ರಾವತಿಗೆ ಹೋದಾಗ ಅಲ್ಲೂ ಬಿಡದೆ ಓಡಿದೆವು. ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ತಮಿಳಿನ ತಾತ ಒಬ್ಬರು ಸೈಕಲ್ಲಿನಿಂದ ಇಳಿದೇಬಿಟ್ಟರು. "ಎನ್ನಮ್ಮಾ ಆಚ್ಚು? ಯಾರಾನಾ ತೊಂದ್ರೆ ಕೊಟ್ರಾ? ಎಲ್ಲಿ, ನನ್ಗೆ ತೋರ್ಸು" ಅಂತ ಕ್ಯಾರಿಯರಿನ ಟಿಫಿನ್ ಡಬ್ಬಿಯನ್ನು ಗದೆಯ ಹಾಗೆ ಹಿಡಿದು ನಿಂತರು. ಅವರಿಗೆ ಸಮಾಧಾನ ಹೇಳಿ ಮತ್ತೆ ಸೈಕಲ್ ಹತ್ತಿಸುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಬಸ್ಸಿನವರ ಪ್ರೀತಿ. ನಮ್ಮ ಕಡೆ ಖಾಸಗಿ ಬಸ್ಸಿನವರು ಅಡ್ಡದಾರಿಯಲ್ಲಿ ಯಾರಾದರೂ ಓಡಿ ಬರುವುದು ಕಂಡರೆ ಸಾಕು, ನಿಲ್ಲಿಸಿ ಕಾಯುತ್ತಾರೆ. ಶಿಕಾರಿಪುರದ ಬಸ್ಸೊಂದು ಒಂದು ಬೆಳಿಗ್ಗೆ ನಮ್ಮನ್ನು ದಾಟಿ ಮುಂದೆ ಹೋಗಿ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಅರ್ಧ ಮೈ ಹೊರಹಾಕಿ, "ನಿಧಾನಕ್ಕೆ ಬನ್ನಿ ಅಕ್ಕಾ, ನಿಮಗೋಸ್ಕರಾನೇ ನಿಲ್ಸಿರೋದು!" ಅಂದ. ಕಿಟಕಿಗಳಲ್ಲೆಲ್ಲ ತಲೆಗಳು. "ಬನ್ನಿ ಬನ್ನಿ, ಇನ್ನೇನು ಬಂತು" ಎಂದು ಹುರಿದುಂಬಿಸುವ ಅಜ್ಜಿಯರು. ಅಷ್ಟು ಜನರ ಒಳ್ಳೆಯತನಕ್ಕೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಹತ್ತಿಬಿಟ್ಟೆ! ಯಾರೋ ಎದ್ದು ಸೀಟೂ ಕೊಟ್ಟರು, ಕೂತೆ. ಬಸ್ಸು ಹೊರಟಾಗ ಕಿಟಕಿಯಿಂದ ನೋಡುತ್ತೇನೆ, ಕಾವಲುಗಾರ್ತಿ ಬಸ್ಸಿನಲ್ಲಿ, ಕಾಯಬೇಕಾದವಳು ರಸ್ತೆಯಲ್ಲಿ. ಶೈಲಜಾ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಕೈಯಲ್ಲಿ ಕಾಸಿಲ್ಲ ಎಂದು ನೆನಪಾದದ್ದು ಕಂಡಕ್ಟರ್ "ಎಲ್ಲಿಗಕ್ಕಾ?" ಅಂದಾಗ. ನಿಜ ಹೇಳಿದೆ. ಇಡೀ ಬಸ್ಸು ನಕ್ಕಿತು, ಅವನೂ ನಕ್ಕು ಸೀಟಿ ಊದಿದ. ಇಳಿದು, ನಾನೊಬ್ಬಳೇ ಆ ಹುಡುಗಿಯ ಕಡೆಗೆ ಓಡಿದೆ. ಎಲ್ಲಿಯೂ ನಿಲ್ಲದೆ ಬಂದೆ ಎಂಬುದು ಅವಳು, "ಚಿಕ್ಕಮ್ಮ, ನಡೆಯೋ ಕಂಬದಲ್ಲೂ ಓಡ್ಕೊಂಡೇ ಬಂದ್ರಲ್ಲ!" ಎಂದು ಕೂಗಿದ ಮೇಲೆ ಗೊತ್ತಾಯಿತು.

ಕಂಬಗಳು ಹೆಚ್ಚಾದಂತೆ ಮಾತೂ ಉದ್ದವಾಯಿತು. ಊರಿನವರ ವಿಷಯವೆಲ್ಲ ಮುಗಿದು ನಮ್ಮ ವಿಷಯಕ್ಕೆ ಬಂತು. ಪಕ್ಕಪಕ್ಕದಲ್ಲಿ ಓಡುವಾಗ ಮುಖ ಮುಖ ನೋಡುವ ಪ್ರಮೇಯವಿಲ್ಲ, ಅದಕ್ಕೇ ಇರಬೇಕು, ಊಟದ ಹೊತ್ತಿನಲ್ಲಿ ಬಾಯಿಗೆ ಬಾರದ ಮಾತು ಅಲ್ಲಿ ಬರುತ್ತದೆ. ಕಾಲೇಜಿನ ಗೇಟಿನ ಹತ್ತಿರ ಒಂದು ದಿನ ಅವಳು ಹೇಳಿದಳು, "ಚಿಕ್ಕಮ್ಮ, ನಿಜ ಹೇಳ್ತೀನಿ, ಪೊಲೀಸ್ ಆಗ್ಬೇಕು ಅಂತೇನೂ ನಂಗೆ ಆಸೆ ಇರ್ಲಿಲ್ಲ. ಮದ್ವೆ ಮುಂದಕ್ಕೆ ಹೋಗ್ಲಿ ಅಂತ ಅರ್ಜಿ ಹಾಕ್ದೆ. ಈಗ ಬೇಕು ಅನ್ನಿಸ್ತಿದೆ. ಈಗ್ಲೇ ಭಯ ಆಗ್ತಿರೋದು." "ಓಡು ಮಾರಾಯ್ತಿ, ಓಡು" ಅಂದೆ. ನನಗೂ ಭಯವಾಗಿತ್ತು. ಅವಳು ಸೋತರೆ ಬೇಸಿಗೆಯಲ್ಲಿ ಮದುವೆ. ಅವಳು ಗೆದ್ದರೆ ತರಬೇತಿಗೆ ಹೊರಟುಹೋಗುತ್ತಾಳೆ, ಆಮೇಲೆ ನಾನು ಯಾರ ಹೆಸರು ಹೇಳಿಕೊಂಡು ಮನೆಯಿಂದ ಹೊರಬೀಳಲಿ? ಈ ಸಣ್ಣ ಸ್ವಾರ್ಥವನ್ನು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಕೊನೆಯ ವಾರಗಳಲ್ಲಿ ಡ್ರಿಲ್ ಮೇಷ್ಟ್ರು ಕಾನೂನು ತಿರುಗಿಸಿದರು. ಹುಡುಗಿಯನ್ನು ಶಾಲೆಯ ಮೈದಾನಕ್ಕೆ ಕರೆದು, "ಇನ್ನು ಮಾತು ಬಂದ್. ಕಳ್ಳನ್ನ ಹಿಡಿಯೋವಾಗ ಅವನ ಹತ್ರ ಕಷ್ಟಸುಖ ಮಾತಾಡ್ತಾ ಓಡ್ತೀಯಾ? ಬಾಯ್ಮುಚ್ಚಿ ಜೋರಾಗಿ ಓಡು" ಅಂದರು. ಅವಳು ಓಡಿದಳು. ಆಗ ನಾನು ಕಂಡದ್ದೇ ಬೇರೆ ಹುಡುಗಿ. ಇಷ್ಟು ದಿನ ನನ್ನ ಜೊತೆಗೆಂದು ಕಾಲಿಗೆ ಹಗ್ಗ ಕಟ್ಟಿಕೊಂಡು ಓಡುತ್ತಿದ್ದಳೇನೋ ಅನ್ನಿಸಿಬಿಟ್ಟಿತು.

ಪರೀಕ್ಷೆಯ ದಿನ ಅಕ್ಕ ಬಂದಳು. ಭಾವ ಬರುವುದಿಲ್ಲ ಅಂದಿದ್ದವರು, ಶಿವಮೊಗ್ಗದಲ್ಲಿ ಬೇರೇನೋ ಕೆಲಸವಿದೆ ಅಂತ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಜೊತೆಗೇ ಬಂದರು. ಮೈದಾನದ ಬೇಲಿಯ ಹೊರಗೆ ಅಪ್ಪಂದಿರು, ಅಮ್ಮಂದಿರು, ಅಣ್ಣಂದಿರು ಸಾಲಾಗಿ ನಿಂತಿದ್ದೆವು. ಸೀಟಿ ಊದಿದ್ದೇ ತಡ, ಹುಡುಗಿಯರು ಹೊರಟರು. ಶೈಲಜಾ ಹಿಂದೆ ಬಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡು ಶಿವಶಿವಾ ಅನ್ನುತ್ತಿದ್ದಳು. ತಿರುವಿನಲ್ಲಿ ಶೈಲಜಾ ಒಬ್ಬಳನ್ನು ದಾಟಿದಳು, ಆಮೇಲೆ ಇನ್ನೊಬ್ಬಳನ್ನು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಯಾರೋ ಗಂಟಲು ಹರಿಯುವ ಹಾಗೆ ಕಿರುಚಿದರು, "ಓಡೇ ಶೈಲೂ! ಬಿಡ್ಬೇಡ! ಓಡೇ ನನ್ನವ್ವಾ!" ನೋಡಿದರೆ ಭಾವ. ಬೇಲಿಯ ತಂತಿ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಹೆಣ್ಣುಮಕ್ಕಳು ಜೋರಾಗಿ ನಕ್ಕರೂ ಹುಬ್ಬು ಗಂಟಿಕ್ಕುವ ಮನುಷ್ಯ, ಶರ್ಟಿನ ಇಸ್ತ್ರಿಯೆಲ್ಲ ಹಾಳಾಗಿ, ಬೇಲಿಯುದ್ದಕ್ಕೂ ಮಗಳ ಜೊತೆ ತಾವೂ ಓಡಿಯೇಬಿಟ್ಟರು. ನಾನೂ ಓಡಿದೆ. ಅವರಿಗಿಂತ ಮುಂದೆ ಇದ್ದೆ, ಅದನ್ನು ಹೇಳದಿದ್ದರೆ ಹೇಗೆ.

ಪಾಸಾದವರ ಹೆಸರು ಕೂಗುವಾಗ ಅವಳದೂ ಕೂಗಿದರು. ನಾವು ನಾಲ್ವರೂ ಅಲ್ಲೇ ನಿಂತು ಅತ್ತೆವು, ಆಮೇಲೆ ನಕ್ಕೆವು, ಆಮೇಲೆ ಭಾವ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ದಾವಣಗೆರೆಯವರಿಗೆ ಅವರೇ ಫೋನ್ ಮಾಡಿ, "ನಮ್ಮ ಹುಡುಗಿಗೆ ಸದ್ಯಕ್ಕೆ ಪುರುಸೊತ್ತಿಲ್ರೀ" ಅಂದರಂತೆ. ಆ ಮಾತನ್ನು ಅವರು ಎಷ್ಟು ಗತ್ತಿನಿಂದ ಹೇಳಿದರೆಂದು ಅಕ್ಕ ಇವತ್ತಿಗೂ ನಟಿಸಿ ತೋರಿಸುತ್ತಾಳೆ.

ಶೈಲಜಾ ಟ್ರಂಕು ಹಿಡಿದು ತರಬೇತಿಗೆ ಹೋದ ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಎಚ್ಚರವಾಯಿತು. ಕಾಯಲು ಯಾರೂ ಇರಲಿಲ್ಲ. ಹಾಸಿಗೆಯ ಮೇಲೆ ಕೂತು ಯೋಚಿಸಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಕಾರಣ ಹೇಳದೆ ನಾನು ಗೇಟು ದಾಟಿದ್ದೇ ಇಲ್ಲ. ಶಾಲೆಗೆ, ತರಕಾರಿಗೆ, ದೇವಸ್ಥಾನಕ್ಕೆ, ಯಾರದೋ ಬಾಣಂತನಕ್ಕೆ, ಯಾರದೋ ಸಾವಿಗೆ. ಓಡಿದ್ದಾದರೂ ಅಕ್ಕನ ಮಗಳಿಗೋಸ್ಕರ. ಮತ್ತೆ ಮಲಗೋಣ ಅನ್ನಿಸಿತು. ಆದರೆ ಕಾಲುಗಳು ಕೇಳಬೇಕಲ್ಲ, ಅವು ಆಗಲೇ ಶೂ ಹುಡುಕುತ್ತಿದ್ದವು.

ನಮ್ಮ ಯಜಮಾನರು ಕಂಬಳಿಯೊಳಗಿಂದ, "ಈಗ ಯಾರನ್ನ ಕಾಯೋಕೆ ಹೊರಟೆ?" ಅಂದರು.

"ಯಾರನ್ನೂ ಇಲ್ಲ ಕಣ್ರೀ. ಓಡೋಕೆ."

ಅವರು ಕಂಬಳಿ ಸರಿಸಿ ಗಡಿಯಾರ ನೋಡಿದರು. ಆಮೇಲೆ, ಒಳ್ಳೆಯ ಮನಸ್ಸಿನಿಂದಲೇ, ನನ್ನ ಓಟಕ್ಕೆ ಒಂದು ಅರ್ಥ ಕೊಡೋಣವೆಂದು, "ಹೆಂಗೂ ಹೋಗ್ತಿದೀಯಲ್ಲ, ಬರ್ತಾ ಹಾಲು ತಗೊಂಡ್ ಬಂದ್ಬಿಡು" ಅಂದರು.

ಕೇಳಿಸಿತು. ಕೇಳಿಸದವಳ ಹಾಗೆ ಗೇಟು ತೆಗೆದು ಓಡಿದೆ. ಅವತ್ತು ನಮ್ಮ ಮನೆಯಲ್ಲಿ ಕಾಫಿ ತಡವಾಯಿತು.